ಚೆರ್ರಿ ಬಣ್ಣದ ಡ್ಯಾಶ್‌ಬೋರ್ಡ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಣಕಲ್ಲಿನ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳೇ ಫಿಯೆಟ್ ಕಾರೊಂದು ಬಾಗಿಲು ತೆರೆದುಕೊಂಡು ನಿಂತಿದೆ. ಒಳಗಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ. ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ವೈರು ಎಳೆಯುತ್ತಿರುವವರು ಬಾಲರಾಜ್. ಹೆಂಡತಿ ರೇವತಿ ಕಾಫಿ ಲೋಟ ಹಿಡಿದು ಕರೆದದ್ದೇ ಬಂತು. ಟಾರ್ಚ್ ಕಚ್ಚಿದ ಬಾಯಲ್ಲೇ “ಬಂದೆ” ಅನ್ನುತ್ತಾರೆ, ಬರುವುದಿಲ್ಲ.

ಹಳೇ ಗಾಡಿಗಳ ಡ್ಯಾಶ್‌ಬೋರ್ಡ್ ಬಿಚ್ಚಿ, ಹೊಸದು ಮಾಡಿ ಕೂರಿಸುವುದು ಇವರ ಕಸುಬು. ಈ ಕಡೆಯ ಥಂಡಿಗೆ ಡ್ಯಾಶ್‌ಬೋರ್ಡಿನ ಒಳಗೆ ಬೂಷ್ಟು ಹಿಡಿಯುತ್ತದೆ, ಇಲಿ ಸಂಸಾರ ಹೂಡುತ್ತದೆ. ಪಾರ್ಟು ಸಿಗುವುದು ನಿಂತು ಎಷ್ಟೋ ವರ್ಷವಾಗಿರುತ್ತದೆ. ಬೇರೆ ಗ್ಯಾರೇಜಿನವರು “ಗುಜರಿಗೆ ಹಾಕಿ” ಎಂದು ಕೈತೊಳೆದುಕೊಂಡ ಮೇಲೆ ಗಾಡಿ ಇಲ್ಲಿಗೆ ಬರುತ್ತದೆ. ಸಿಲ್ವರ್ ಓಕ್ ಹಲಗೆಯ ಚೌಕಟ್ಟು, ಅದರ ಮೇಲೆ ಫೈಬರ್, ಅದಕ್ಕೊಂದು ರೆಕ್ಸಿನ್ ಹೊದಿಕೆ. ಹೊಲಿಗೆ ರೇವತಿಯವರದು. ತಿಂಗಳಿಗೆ ಎರಡು ಗಾಡಿ ಮುಗಿದರೆ ದೊಡ್ಡದು.

ಬಾಲರಾಜ್ ಹುಟ್ಟಿ ಬೆಳೆದದ್ದು ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ. ಅಪ್ಪ ಮರಗಸಿ ಮಾಡುತ್ತಿದ್ದರು, ತೋಟದ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ. ಮಗನಿಗೆ ಮರ ಹತ್ತುವುದೆಂದರೆ ಭಯ, ಹಾಗಾಗಿ ಎಸ್ಟೇಟಿನ ಜೀಪಿನ ಕ್ಲೀನರ್ ಆದರು. “ಒಂದಿನ ಗುಂಡಿಗೆ ಜೀಪ್ ಇಳೀತು ನೋಡಿ, ಡ್ಯಾಶ್‌ಬೋರ್ಡ್ ಕಿತ್ಕೊಂಡು ಸೀದಾ ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ತೊಡೆ ಮೇಲೇ ಬಿತ್ತು! ಅವರು ಅದನ್ನ ಮಗು ಥರ ಹಿಡ್ಕೊಂಡೇ ಮೂಡಿಗೆರೆವರೆಗೆ ಕೂತಿದ್ರು.” ಹಲಗೆ ಕೊಯ್ದು ಅದನ್ನು ಸರಿಮಾಡಿದ್ದೇ ಮೊದಲ ಕೆಲಸ. ಅಲ್ಲಿಂದಾಚೆಗೆ ಬಯ್ಗುಳ ತಿಂದದ್ದಕ್ಕೆ ಲೆಕ್ಕವಿಲ್ಲ. “ಮೆಕ್ಯಾನಿಕ್‌ಗಳು ನನ್ನ ಬಡಗಿ ಅಂತಾರೆ. ಬಡಗಿಗಳು ಮೆಕ್ಯಾನಿಕ್ ಅಂತಾರೆ. ಯಾರೂ ಸೇರಿಸ್ಕೊಳ್ಳಲ್ಲ ಮಾರಾಯ್ರೆ.”

ಈಗ ಶೆಡ್ಡಿನಲ್ಲಿರುವ ಫಿಯೆಟ್ ಆಲ್ದೂರಿನ ಪ್ರೇಮಕುಮಾರಿಯವರದು. ಅಂಗಡಿ ಸಾಮಾನು ಹೇರಿಕೊಂಡು ಈ ಗುಡ್ಡದ ರಸ್ತೆಗಳಲ್ಲಿ ಅದನ್ನು ಓಡಿಸುತ್ತಲೇ ಅವರಿಗೆ ತಲೆ ನೆರೆತಿದೆ. ಹೋದ ವರ್ಷ ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಬಲಭುಜಕ್ಕೆ ಪೆಟ್ಟಾಯಿತು. ಸ್ಟೀರಿಂಗ್ ಹಿಡಿಯಬಹುದು ಎಂದಿದ್ದಾರೆ ಡಾಕ್ಟರು. ಆದರೆ ಕೈ ಮುಂದಕ್ಕೆ ಚಾಚುವುದಿಲ್ಲ, ಲೈಟು, ವೈಪರಿನ ಗುಂಡಿಗಳು ಡ್ಯಾಶ್‌ಬೋರ್ಡಿನಲ್ಲಿ ದೂರ. ಗಂಡ ಸೋಮಶೇಖರಪ್ಪನವರಿಗೆ ಡ್ರೈವಿಂಗ್ ಬಾರದು, ಹೆಂಡತಿ ಮತ್ತೆಲ್ಲಿ ಬೀಳುತ್ತಾಳೋ ಎಂಬ ಭಯ ಬೇರೆ. ಕಾರಿಗೆ ಗಿರಾಕಿ ನೋಡಿಯೇಬಿಟ್ಟರು. “ಭಾನುವಾರ ಓಡಿಸಿ ತೋರಿಸು. ಆಗಲಿಲ್ಲ ಅಂದ್ರೆ ಸೋಮವಾರ ಕೊಟ್ಟುಬಿಡ್ತೀನಿ.”

“ಬಸ್‌ಸ್ಟ್ಯಾಂಡಿಗೆ ಹೋಗೋಕೂ ಯಾರನ್ನೋ ಕೇಳ್ಕೋಬೇಕಾಗಿದೆ ಕಣಪ್ಪಾ” ಎಂದು ಪ್ರೇಮಕುಮಾರಿ ಹೇಳಿದರು. ಗುಂಡಿಗಳನ್ನು ಅವರ ಕೈಗೆ ಹತ್ತಿರ ತಂದೇ ತೀರುವುದೆಂದು ಬಾಲರಾಜ್ ಆಗಲೇ ಪಟ್ಟು ಹಿಡಿದರು. ಅವರನ್ನು ಸೀಟಿನಲ್ಲಿ ಕೂರಿಸಿ, “ಕಣ್ಣು ಮುಚ್ಚಿ ಅಮ್ಮಾ. ಜೋರು ಮಳೆ, ವೈಪರ್ ಹಾಕಿ” ಅಂದರು. ಕೈ ತಾನಾಗಿ ಎಲ್ಲಿಗೆ ಹೋಯಿತೋ ಅಲ್ಲೊಂದು ರಟ್ಟು ಹಿಡಿದು ಸೀಮೆಸುಣ್ಣದ ಗುರುತು. ಗುಂಡಿ ಬರಬೇಕಾದ್ದು ಅಲ್ಲೇ. ಇವರ ಅಳತೆ ಯಾವತ್ತೂ ಹೀಗೆ, ಮೊದಲು ಕೈ, ಆಮೇಲೆ ಟೇಪು.

ಎಡವಟ್ಟಾದದ್ದು ಬಣ್ಣದಲ್ಲಿ. ಪ್ರೇಮಕುಮಾರಿ ಚೆರ್ರಿ ಬಣ್ಣ ಕೇಳಿದ್ದರು. ಬಾಲರಾಜ್ ದಾವಣಗೆರೆಯ ಅಂಗಡಿಗೆ ಫೋನ್ ಹಚ್ಚಿ, “ಚೆರ್ರಿ ಬಣ್ಣದ ರೆಕ್ಸಿನ್ ಕಳಿಸಿ” ಅಂದುಬಿಟ್ಟರು. ಕಾಫಿ ಸೀಮೆಯಲ್ಲಿ ಚೆರ್ರಿ ಎಂದರೆ ಸಿಪ್ಪೆಸಮೇತ ಕಣದಲ್ಲಿ ಒಣಗಿದ ಕಾಫಿ, ಕಪ್ಪಿಗೆ ತಿರುಗಿದ ಕಂದು. ಅಂಗಡಿಯವನಿಗೇನು ಗೊತ್ತು ಪಾಪ! ಶುಕ್ರವಾರ ಬಂಡಲ್ ಬಿಚ್ಚಿದರೆ ಕೆಂಪೋ ಕೆಂಪು. “ರೀ, ಇದು ಕೇಕಿನ ಮೇಲಿರೋ ಚೆರ್ರಿ!” ಎಂದು ರೇವತಿ ಬಿದ್ದು ಬಿದ್ದು ನಕ್ಕರು. ಬಾಲರಾಜ್‌ಗೆ ನಗು ಬರಲಿಲ್ಲ. ಬೇರೆ ತರಿಸಲು ದಿನವಿಲ್ಲ.

ಸುದ್ದಿ ತಿಳಿದು ಪ್ರೇಮಕುಮಾರಿ ಬಸ್ಸು ಹತ್ತಿ ಬಂದೇಬಿಟ್ಟರು. ರೆಕ್ಸಿನ್ ಸವರಿ ನೋಡಿದರು. “ಇದು ಚೆರ್ರಿ ಅಲ್ಲ ಮಾರಾಯ, ಗಿಡದಲ್ಲಿರೋ ಕಾಫಿ ಹಣ್ಣು. ಇರ್ಲಿ ಬಿಡು, ಒಣಗೋಕೆ ನಂಗೇನು ಅವಸರ?”

ಅವರು ಒಪ್ಪಿದರೂ ಬಾಲರಾಜ್ ಒಪ್ಪಲಿಲ್ಲ. ರೇವತಿ ಹೊಲಿದುಕೊಟ್ಟ ರೆಕ್ಸಿನ್ ಹಾಸಿ ಸೀಟಿನಲ್ಲಿ ಕೂತು ನೋಡಿದರೆ ಆ ಹೊಳಪೆಲ್ಲ ಮುಂದಿನ ಗಾಜಿನಲ್ಲಿ ಕುಣಿಯುತ್ತಿದೆ, ರಸ್ತೆ ಕಾಣಬೇಡವೇ? ಹೊಲಿದದ್ದನ್ನು ಬಿಚ್ಚಿಸಿದರು. ರೇವತಿ ಬಾಯ್ತುಂಬ ಬೈದುಕೊಂಡೇ ಬಿಚ್ಚಿದರು. ಹಳೇ ಜೀಪಿನ ಹುಡ್ಡಿನ ಮಾಸಲು ಕ್ಯಾನ್ವಾಸ್ ಮೇಲ್ಭಾಗಕ್ಕೆ, ಕೆಂಪು ಕೆಳಗೆ. ಗುಂಡಿಗಳಿಗೆ ವೈರು ಕೊಡುವುದಷ್ಟೇ ಬಾಕಿ ಇತ್ತು, ಅದೇ ಈ ಭಾನುವಾರದ ಬೆಳಗಿನ ಕೆಲಸ.

ಬಿಸಿಲೇರುವಷ್ಟರಲ್ಲಿ ದಂಪತಿ ಬರುತ್ತಾರೆ. ಪ್ರೇಮಕುಮಾರಿ ಸೆರಗು ಸಿಕ್ಕಿಸಿಕೊಂಡು ಸ್ಟೀರಿಂಗ್ ಹಿಡಿಯುತ್ತಾರೆ. ಪಕ್ಕದಲ್ಲಿ ಸೋಮಶೇಖರಪ್ಪ, ಹಿಂದಿನ ಸೀಟಿನಲ್ಲಿ ಬಾಲರಾಜ್. ಮೂಡಿಗೆರೆ ಕಡೆ ಎರಡು ತಿರುವು ದಾಟಿದ್ದಾರೋ ಇಲ್ಲವೋ, ಎದುರು ಬಂದ ಲಾರಿ ಗುಂಡಿಯ ಕೆಸರನ್ನೆಲ್ಲ ಗಾಜಿಗೆ ರಾಚುತ್ತದೆ. “ಅಯ್ಯೋ!” ಎಂದು ಸೋಮಶೇಖರಪ್ಪ ಕಣ್ಣು ಮುಚ್ಚುತ್ತಾರೆ. ತೆರೆಯುವಷ್ಟರಲ್ಲಿ ವೈಪರ್ ಓಡಾಡುತ್ತಿದೆ, ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಿದೆ.

ಶೆಡ್ಡಿಗೆ ವಾಪಸ್ಸಾಗುತ್ತಲೇ ಸೋಮಶೇಖರಪ್ಪ ಕಾರಿಳಿದು ಪಕ್ಕಕ್ಕೆ ಹೋಗುತ್ತಾರೆ. ಗಿರಾಕಿಗೆ ಫೋನ್ ಮಾಡಿ, “ನಾಳೆ ಬರೋದು ಬೇಡ” ಅನ್ನುತ್ತಾರೆ, ಅಷ್ಟೇ.

ಫಿಯೆಟ್ ಆಲ್ದೂರಿಗೆ ಹೊರಟ ಮೇಲೆ ಬಾಲರಾಜ್ ಗ್ರೀಸು ಕೈ ಒರೆಸಿಕೊಳ್ಳುತ್ತಾ ನಿಲ್ಲುತ್ತಾರೆ. ಪ್ರೇಮಕುಮಾರಿ ಅಮ್ಮ ಏನಂದ್ರು ಎಂದು ರೇವತಿ ಕೇಳುತ್ತಾರೆ.

“ಡ್ಯಾಶ್‌ಬೋರ್ಡ್ ಬಗ್ಗೆ ಒಂದು ಮಾತೂ ಆಡ್ಲಿಲ್ಲ ಕಣೇ. ಓಡಿಸುವಾಗ ಅದರ ಕಡೆ ನೋಡಿದ್ರೆ ತಾನೇ ಹೇಳೋದು! ಕೈ ತಾನೇ ಗುಂಡಿ ಹುಡುಕ್ಕೊಳ್ತು. ನಂಗಷ್ಟು ಸಾಕು.”