ಉಮ್ಮನ ಸ್ವರಕ್ಕೆ ಬೇರೆಯೇ ಒಂದು ನಾಬ್

ಥೈರಾಯ್ಡ್ ಗಡ್ಡೆಯನ್ನು ತೆಗೆಯಲೇಬೇಕು ಎಂದು ಮಣಿಪಾಲದ ಡಾಕ್ಟರಮ್ಮ ಹೇಳಿದಾಗ ಉಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಸ್ವರ ಉಳಿಯುತ್ತದಾ?" ಮಾತಿಗೆ ತೊಂದರೆಯಾಗುವುದು ಅಪರೂಪ, ಆದರೆ ಸ್ವರದ ನರ ಅಲ್ಲೇ ಪಕ್ಕದಲ್ಲಿರುವುದರಿಂದ ಮೇಲಿನ ಸ್ವರಗಳು ಸ್ವಲ್ಪ ಕಾಲ ಸಿಗದೆ ಹೋಗಬಹುದು, ಕೆಲವರಿಗೆ ಮತ್ತೆ ಸಿಗುವುದೇ ಇಲ್ಲ ಎಂದರು ಅವರು. ಕಾಪುವಿಗೆ ಮರಳುವ ಬಸ್ಸಿನಲ್ಲಿ ಉಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಆಪರೇಷನ್‌ಗೆ ಮೂರು ವಾರ ಇತ್ತು. ಕಾರ್ಕಳದಲ್ಲಿ ನನ್ನ ಅಕ್ಕನ ಮಗಳ ಮದುವೆಗೆ ಮೂರು ತಿಂಗಳು.

ನಾವು ಬ್ಯಾರಿಗಳು, ಅಮ್ಮನಿಗೆ ಉಮ್ಮ ಎನ್ನುವ ಕರಾವಳಿಯ ಮುಸ್ಲಿಮರು. ಮದುಮಗಳ ಕೈಗೆ ಮದರಂಗಿ ಹಚ್ಚುವಾಗ ಹೆಂಗಸರು ಸುತ್ತ ಕುಳಿತು ಹಾಡುವ ಹಾಡಿಗೆ ನಮ್ಮಲ್ಲಿ ಮೊಯಿಲಾಂಜಿ ಪಾಟ್ ಎನ್ನುತ್ತಾರೆ. ಈಗ ಹೆಚ್ಚಿನ ಮನೆಗಳಲ್ಲಿ ಮೊಬೈಲಿನಿಂದ ಏನೋ ಒಂದು ಹಾಕಿಬಿಡುತ್ತಾರೆ. ನಮ್ಮ ಕುಟುಂಬದಲ್ಲಿ ಮಾತ್ರ ಉಮ್ಮ ಸಾಲು ಸಾಲಾಗಿ ಹಾಡು ಎತ್ತುತ್ತಾಳೆ, ಉಳಿದವರು ಅದೇ ಸಾಲನ್ನು ಹಿಂದಿನಿಂದ ಹೇಳುತ್ತಾರೆ. ಆ ಹಾಡುಗಳನ್ನು ಯಾರೂ ಬರೆದಿಟ್ಟಿಲ್ಲ. ನಾನಂತೂ ಕಲಿಯಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಪುರುಸೊತ್ತಿಲ್ಲ ಎಂದು ಮೂಗು ಮುರಿದುಕೊಂಡೇ ಇಷ್ಟು ವರ್ಷ ಕಳೆದೆ. ಅವತ್ತು ಬಸ್ಸಿನಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮಣಿಪಾಲದ ಸ್ಟುಡಿಯೋ ಒಂದರಲ್ಲಿ ರೆಕಾರ್ಡ್ ಮಾಡಿಸೋಣ ಎಂದೆ. "ಅಲ್ಲಿ ಮೆಷಿನಿನ ಎದುರು ಕೂರುವುದು ಯಾರು?" ಎಂದಳು ಉಮ್ಮ. ಒಬ್ಬ ಹುಡುಗ ಎಂದೆ. ಅಲ್ಲಿಗೆ ಸ್ಟುಡಿಯೋದ ಮಾತು ಮುಗಿಯಿತು. ಒಳಕೋಣೆಯ ಹಾಡು ಗಂಡಸರ ಕಿವಿಗೆ ಬೀಳಬಾರದು. ರೆಕಾರ್ಡ್ ಆದ ಮೇಲೂ ಬೀಳಬಾರದು. ಅವಳ ಷರತ್ತು ಇಷ್ಟೇ. ವಾದ ಮಾಡಲು ನನ್ನ ಹತ್ತಿರ ಬೇಕಾದಷ್ಟು ಮಾತುಗಳಿದ್ದವು. ಆದರೆ ಹಾಡು ಅವಳದ್ದು, ಗಂಟಲೂ ಅವಳದ್ದು. ಮನೆಯಲ್ಲೇ ನಾನೇ ಮಾಡುವುದು ಎಂದಾಯಿತು.

ಉಡುಪಿಯಲ್ಲಿ ಮೈಕ್, ಸ್ಪೀಕರ್ ಮಾರುವ ಅಂಗಡಿಗೆ ಹೋದೆ. ಮಾಲೀಕರು ಭಜನಾ ಮಂಡಳಿಗಳಿಗೆ, ನಮ್ಮ ಶಾಲೆಗೂ ಮೈಕ್ ಸೆಟ್ ಕೊಟ್ಟು ಕೊಟ್ಟು ಕೂದಲು ನೆರೆತವರು.

"ಎಂತ ರೆಕಾರ್ಡ್ ಮಾಡ್ಲಿಕ್ಕೆ ಟೀಚರೇ?"

"ಒಬ್ಬರ ಹಾಡು. ವಾದ್ಯ ಎಂತದ್ದೂ ಇಲ್ಲ."

"ಸ್ವರ ದೊಡ್ಡದಾ, ಸಣ್ಣದಾ?"

ಸಣ್ಣದು ಎಂದೆ. ಆಗ ಅವರು ನನಗೆ ಪಾಠ ಮಾಡಿದರು. ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆಯೇ ಇಂಟರ್‌ಫೇಸ್. ಮೈಕಿನಿಂದ ಹೊರಡುವಾಗ ಸ್ವರ ತೀರಾ ಕ್ಷೀಣವಾಗಿರುತ್ತದೆ, ಅದನ್ನು ಎತ್ತಿ ನಿಲ್ಲಿಸಲು ಪೆಟ್ಟಿಗೆಯೊಳಗೆ ಇರುವುದು ಪ್ರೀಆಂಪ್. ಎಷ್ಟು ಎತ್ತಬೇಕು ಎಂದು ಹೇಳುವುದು ಹೊರಗೆ ತಿರುಗಿಸುವ ಗುಂಡಿ, ಅದೇ ನಾಬ್. "ಎತ್ತುವುದಾದರೆ ಎಲ್ಲ ಪೆಟ್ಟಿಗೆಯೂ ಎತ್ತುತ್ತದೆ. ಆದರೆ ಎತ್ತುವಾಗ ತನ್ನದೂ ಒಂದು ಸದ್ದು ಸೇರಿಸಬಾರದು, ಅದೇ ಮುಖ್ಯ" ಎಂದರು. ಅರ್ಥವಾದವಳಂತೆ ತಲೆಯಾಡಿಸಿ, ಒಂದೇ ಮೈಕ್ ಸಿಕ್ಕಿಸುವ ಚಿಕ್ಕ ಪೆಟ್ಟಿಗೆಯನ್ನು ಹಿಡಿದುಕೊಂಡು ಬಂದೆ. ಹಾಡುವವರು ಒಬ್ಬರೇ, ಮೈಕೂ ಒಂದೇ ಸಾಕು ಎನ್ನುವುದು ಗಣಿತದ ಟೀಚರ ಲೆಕ್ಕ.

ಭಾನುವಾರ ಮಧ್ಯಾಹ್ನ ಮನೆಯ ಗಂಡಸರನ್ನು ಹೊರಗೆ ಕಳಿಸಿ, ಪ್ರತಿಧ್ವನಿ ಬಾರದ ಹಾಗೆ ಗೋಡೆಗೆ ಹಾಸಿಗೆ ಒರಗಿಸಿ ಉಮ್ಮನನ್ನು ಕೂರಿಸಿದೆ. ಅವಳು ಮದುವೆಗೆ ಹೊರಟವಳ ಹಾಗೆ ಹೊಸ ಸೀರೆ ಉಟ್ಟಿದ್ದಳು. ಒಂದು ಸಾಲು ಹಾಡಿ ನಿಲ್ಲಿಸಿದಳು.

"ಎಂತಾಯಿತು ಉಮ್ಮಾ? ಹಾಡಿ."

"ಹೇಳು ನೀನು."

"ಎಂತ ಹೇಳುವುದು?"

"ಹಿಂದಿನಿಂದ ಹೇಳದೆ ನಾನು ಮುಂದೆ ಹೋಗುವುದು ಹೇಗೆ?"

ನೀವೊಬ್ಬರೇ ಹಾಡಿ ಎಂದು ಗೋಗರೆದೆ. ಅವಳು ಪ್ರಯತ್ನ ಪಟ್ಟಳು ಕೂಡ. ಮೂರನೆಯ ಸಾಲಿಗೆ ಬರುವಾಗ ದಾರಿ ತಪ್ಪಿ, ಹಾಡಿನ ಅರ್ಧಕ್ಕೆ ಹೋಗಿ, ಮತ್ತೆ ಹಿಂದೆ ಬಂದು ಕೊನೆಗೆ ಸುಮ್ಮನೆ ಕುಳಿತಳು. ಅರವತ್ತು ವರ್ಷ ಹಾಡಿದವಳಿಗೆ ತನ್ನ ಹಾಡೇ ನೆನಪಾಗಲಿಲ್ಲ. ಹಿಂದಿನಿಂದ ಬರುವ ಸಾಲನ್ನು ಹಿಡಿದುಕೊಂಡೇ ಅವಳು ಮುಂದಿನದಕ್ಕೆ ಹೋಗುತ್ತಿದ್ದದ್ದು ಎಂದು ನನಗೆ ಆಗ ಗೊತ್ತಾಯಿತು. ಹಾಗಾಗಿ ನಾನೂ ಅದೇ ಮೈಕಿನ ಮುಂದೆ ಕುಳಿತು ಅವಳು ಹಾಡಿದ್ದನ್ನು ಹಾಗೇ ತಿರುಗಿ ಹೇಳಿದೆ. ಕೇಳಿ ನೋಡಿದರೆ ಕ್ಲಾಸಿನ ಕೊನೆಯ ಬೆಂಚು ಮುಟ್ಟುವ ನನ್ನ ಗಂಟಲು ಉಮ್ಮನನ್ನು ನುಂಗಿ ನೀರು ಕುಡಿದಿತ್ತು. ಅವಳ ಸ್ವರ ಕೇಳಲೆಂದು ನಾಬ್ ಏರಿಸಿದರೆ ನನ್ನದು ಒಡೆದು ಕರಕರ ಎನ್ನುತ್ತಿತ್ತು. ಜೊತೆಗೆ ಎಲ್ಲಿಂದಲೋ 'ಸ್ಸ್ಸ್' ಎಂಬ ಸದ್ದು.

ಮತ್ತೆ ಉಡುಪಿಗೆ ಹೋದೆ. "ರೆಕಾರ್ಡ್ ಮಾಡಿದ್ದನ್ನು ಹಾಕಿ, ಕೇಳಿ ಹೇಳ್ತೇನೆ" ಎಂದರು ಮಾಲೀಕರು. ನಾನು ಪೇಚಿಗೆ ಸಿಕ್ಕಿದೆ. ಕೇಳಿಸುವ ಹಾಗಿಲ್ಲ ಎಂದೆ. ಬೇರೆ ದಾರಿ ಕಾಣದೆ, ಗಿರಾಕಿಗಳ ಎದುರೇ ಬಾಯಲ್ಲಿ 'ಸ್ಸ್ಸ್' ಎಂದು ಮಾಡಿ ತೋರಿಸಿದೆ. ಅವರು ನಗಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು:

"ಹಾಗಾದ್ರೆ ಹಾಡು ಬೇಡ. ನಾಬ್ ಅಷ್ಟೇ ಇಟ್ಟು ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿ ತನ್ನಿ."

ಮರುದಿನ ಶಾಲೆ ಬಿಟ್ಟ ಮೇಲೆ ಐದು ನಿಮಿಷದ ಮೌನವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದೆ. ಅವರು ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರು. "ಫ್ಯಾನ್ ಉಂಟು, ಅದನ್ನು ಬಂದ್ ಮಾಡಿ. ದೂರದಲ್ಲಿ ಮೀನಿನವರ ಹಾರ್ನ್ ಉಂಟು, ಅವರು ಹೋದ ಮೇಲೆ ಶುರು ಮಾಡಿ. ಫ್ರಿಡ್ಜ್ ಉಂಟು. ಯಾರೋ ಬಳೆ ಹಾಕಿದವರು ಬಾಗಿಲ ಹತ್ತಿರ ನಿಂತಿದ್ದಾರೆ ಅಲ್ವಾ?" ಅದು ಉಮ್ಮ, ನಾನು ಮಾಡುವ ಹುಚ್ಚು ನೋಡಲು ಬಂದಿದ್ದಳು. "ಉಳಿದ ಈ ಸ್ಸ್ಸ್ ಮಾತ್ರ ಮೆಷಿನಿಂದು" ಎಂದು ಅವರು ಎರಡು ಮೈಕ್ ಸಿಕ್ಕಿಸುವ, ಇನ್ನೂ ಚೆನ್ನಾಗಿರುವ ಪ್ರೀಆಂಪಿನ ಪೆಟ್ಟಿಗೆಯನ್ನು ತಂದಿಟ್ಟರು. ಅದರಲ್ಲಿ ಎರಡು ನಾಬ್. "ಅವರದ್ದು ಎಷ್ಟು ಬೇಕೋ ಅಷ್ಟು ಏರಿಸಿ. ನಿಮ್ಮದು ಇಳಿಸಿ ಟೀಚರೇ, ನಿಮಗೆ ಇಳಿಸಿದರೂ ಸಾಕಾಗ್ತದೆ." ಹಾಡು ಕೇಳದ ಆ ಮನುಷ್ಯನ ಬಗ್ಗೆ ನನಗೆ ಈಗಲೂ ಬಹಳ ಗೌರವ ಉಂಟು.

ಆಮೇಲಿನ ಎರಡು ವಾರ ದಿನಾ ಸಂಜೆ ಶಾಲೆಯಿಂದ ಬಂದು ಚಹಾ ಕುಡಿದ ಕೂಡಲೇ ಕೂರುತ್ತಿದ್ದೆವು. ಉಮ್ಮನಿಗೆ ಒಂದು ಮೈಕ್, ನನಗೊಂದು. ಅವಳು ಎತ್ತುವುದು, ನಾನು ಹೇಳುವುದು. ತಪ್ಪಿದರೆ ಬೆರಳಿನಿಂದ ನನ್ನ ಮೊಣಕಾಲಿಗೆ ಒಂದು ಕುಟ್ಟುತ್ತಿದ್ದಳು, ಅದೂ ರೆಕಾರ್ಡ್ ಆಗಿದೆ. ಒಟ್ಟು ಹನ್ನೊಂದು ಹಾಡುಗಳಾದವು. ಕೊನೆಯದು ಮುಗಿದಾಗ ಅವಳು ಹೆಡ್‌ಫೋನ್ ಹಾಕಿ ತನ್ನ ಸ್ವರವನ್ನು ಪೂರ್ತಿ ಕೇಳಿದಳು. "ಪರವಾಗಿಲ್ಲ ಅಲ್ವಾ?" ಎಂದಳು. ನನಗೆ ಅಳು ಬಂತು, ಅಡುಗೆಮನೆಗೆ ಹೋದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸ್ವರ ಮಾತ್ರ ಡಾಕ್ಟರಮ್ಮ ಎಚ್ಚರಿಸಿದ ಹಾಗೇ ಆಯಿತು. ಮಾತು ಬರುತ್ತಿತ್ತು, ಒರಟಾಗಿ, ಗಾಳಿ ಬೆರೆತು. ಮೇಲಿನದ್ದು ಏನೂ ಇರಲಿಲ್ಲ. ಉಮ್ಮ ದೂರು ಹೇಳಲಿಲ್ಲ, ಆದರೆ ಮನೆಯಲ್ಲಿ ಗುನುಗುವುದನ್ನು ಬಿಟ್ಟಳು. ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಕೇಳುವುದು ನನಗೆ ಸಹಿಸಲಾಗುತ್ತಿರಲಿಲ್ಲ.

ಕಾರ್ಕಳದಲ್ಲಿ ಮದರಂಗಿಯ ದಿನ ಅಕ್ಕ ಸ್ಪೀಕರ್ ತಂದಿಟ್ಟಿದ್ದಳು. "ಉಮ್ಮನ ರೆಕಾರ್ಡಿಂಗ್ ಹಾಕುವ, ಬಾಗಿಲು ಮುಚ್ಚಿದರೆ ಆಯಿತು" ಎಂದಳು. ನಾನು ಉಮ್ಮನ ಮುಖ ನೋಡಿದೆ. ಮೊಮ್ಮಗಳ ಪಕ್ಕದಲ್ಲಿ ಕುಳಿತಿದ್ದ ಅವಳು ತಲೆ ಬಗ್ಗಿಸಿಕೊಂಡಿದ್ದಳು. ತಾನು ಬಾಯಿ ಮುಚ್ಚಿ ಕುಳಿತು ತನ್ನದೇ ಸ್ವರ ಪೆಟ್ಟಿಗೆಯಿಂದ ಬರುವುದನ್ನು ಎಲ್ಲರ ನಡುವೆ ಕೇಳಬೇಕಾಗುತ್ತಿತ್ತು ಅವಳು. ನಾನು ಸ್ಪೀಕರಿನ ವಯರ್ ಕಿತ್ತೆ. ಅವಳ ಇನ್ನೊಂದು ಪಕ್ಕದಲ್ಲಿ ಕುಳಿತು, ಅವಳ ಕೈ ಹಿಡಿದು, ಹುಟ್ಟಿ ಇಷ್ಟು ವರ್ಷಕ್ಕೆ ಮೊದಲ ಸಲ ಹಾಡು ಎತ್ತಿದೆ. ಅವಳು ಎತ್ತುತ್ತಿದ್ದ ಎತ್ತರದಲ್ಲೇ ಎತ್ತಿದೆ. ಹೆಂಗಸರು ಹಿಂದಿನಿಂದ ಹೇಳಿದರು. ಉಮ್ಮನ ತುಟಿ ಅಲುಗಾಡಿತು, ಸ್ವರ ಹೊರಡಲಿಲ್ಲ.

ಎರಡನೆಯ ಸಾಲಿಗೆ ಮೊದಲು ಅವಳು ನನ್ನ ಕೈ ಒತ್ತಿದಳು. ಕಿವಿಯ ಹತ್ತಿರ ಬಂದು, "ಅಷ್ಟು ಮೇಲೆ ನನಗೆ ಸಿಗುವುದಿಲ್ಲ ಮಗಳೇ, ಸ್ವಲ್ಪ ಕೆಳಗಿಂದ ಎತ್ತು" ಎಂದಳು.

ಹಾಡು ನಿಲ್ಲಿಸಿದೆ. ಮೊದಲಿನಿಂದ, ಆದಷ್ಟು ಕೆಳಗಿಂದ ಎತ್ತಿದೆ. ಉಮ್ಮ ನನ್ನ ಹಿಂದಿನಿಂದ ಹೇಳಿದಳು.