ಈಜು ಬರತೈತಲ್ಲ, ಹಗ್ಗ ಯಾಕ?

"ನಮಗ ಈಜು ಕಲಸ್ರಿ ಅಕ್ಕೋರ."

ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು ಹೀಗೆ ಕೇಳಿದವರು ಶಾಂತವ್ವ. ನಮ್ಮ ಓಣಿ ಗುಡಿಸುವ ಪೌರಕಾರ್ಮಿಕರು. ಅವರ ಹಿಂದೆ ಇನ್ನೂ ನಾಲ್ವರು ಹೆಂಗಸರು ನಿಂತಿದ್ದರು. ಎಲ್ಲರೂ ಪುರಸಭೆಯ ಕೆಲಸದವರೇ. ಒಳಗೆ ಬನ್ನಿ ಎಂದರೆ ಯಾರೂ ಬರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ಖೊಖೊ, ಥ್ರೋಬಾಲ್, ರಿಲೇ ಎಲ್ಲ ಕಲಿಸಿದ್ದೇನೆ. ಈಜು ಕಲಿಸಿ ಎಂದು ಯಾರೂ ಕೇಳಿರಲಿಲ್ಲ. ಅದೂ ನಲವತ್ತು ದಾಟಿದ ಹೆಂಗಸರು. ಚಿಕ್ಕಂದಿನಲ್ಲಿ ಅಪ್ಪ ನನಗೆ ಹೊಲದ ಬಾವಿಯಲ್ಲಿ ಈಜು ಕಲಿಸಿದ್ದನ್ನು ಎಂದೋ ಕ್ಲಾಸಿನಲ್ಲಿ ಹೇಳಿದ್ದೆ. ಶಾಂತವ್ವನ ಮಗಳು ನಮ್ಮ ಶಾಲೆಯವಳು. ಅವಳು ಮನೆಯಲ್ಲಿ ಹೇಳಿರಬೇಕು.

ಈಜು ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ಅವರ ಜೊತೆ ಕೆಲಸ ಮಾಡುತ್ತಿದ್ದ ದುರ್ಗವ್ವ ಹೊಳೆಯಲ್ಲಿ ಹೋಗಿ ಹದಿನೈದು ದಿನವೂ ಆಗಿರಲಿಲ್ಲ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ನಾಲ್ಕು ಕಡೆಗೂ ಬಸ್ಸು ಹೋಗುವ ಸಣ್ಣ ಪಟ್ಟಣ ನಮ್ಮದು. (ಹೆಸರು ಬೇಡ. ಹೇಳಿದರೆ ಉಳಿದ ಊರಿನವರು ತಮಗೆ ಸಂಬಂಧವಿಲ್ಲ ಎಂದುಕೊಳ್ಳುತ್ತಾರೆ.) ಊರಿನ ಅಂಚಿಗೆ ಹೊಳೆ. ಎರಡು ವರ್ಷದ ಹಿಂದೆ ಪುರಸಭೆಯವರು ಹೊಳೆದಂಡೆ ಅಭಿವೃದ್ಧಿ ಎಂದು ಒಂದು ಯೋಜನೆ ತಂದರು. ನಾಗರಿಕರ ಸಭೆ ಕರೆದರು. ನಾನೂ ಹೋಗಿದ್ದೆ.

ಗೋಡೆಯ ಮೇಲೆ ಚಂದದ ಚಿತ್ರಗಳು ಬಂದವು. ವಾಕಿಂಗ್ ಪಾತ್, ದೀಪದ ಕಂಬ, ಸೆಲ್ಫಿ ಪಾಯಿಂಟ್, ನೀರಿನವರೆಗೆ ಇಳಿಯುವ ಗ್ರಾನೈಟ್ ಮೆಟ್ಟಿಲು. ದೀಪ ಹಳದಿ ಇರಬೇಕೋ ಬಿಳಿ ಇರಬೇಕೋ ಎಂದು ಬಹಳ ಹೊತ್ತು ಚರ್ಚೆಯಾಯಿತು. ಬೆಂಚಿಗೆ ನೆರಳು ಬೇಕು ಎಂದು ಒಬ್ಬರು, ಪಾರ್ಕಿಂಗ್ ಎಲ್ಲಿ ಎಂದು ಇನ್ನೊಬ್ಬರು. ಚಿತ್ರದಲ್ಲಿ ಮಕ್ಕಳಿದ್ದರು, ಬಲೂನಿತ್ತು, ಹಾರುವ ಬೆಳ್ಳಕ್ಕಿಗಳೂ ಇದ್ದವು. ಕಸಬರಿಗೆ ಹಿಡಿದವರು ಒಬ್ಬರೂ ಇರಲಿಲ್ಲ. ಅದೊಂದು ಕೊರತೆ ಎಂದು ಆ ಸಭೆಯಲ್ಲಿ ಯಾರಿಗಾದರೂ ಅನ್ನಿಸಿತೇ?

ಹೊಳೆಯ ದಂಡೆ ತಾನಾಗಿ ಸ್ವಚ್ಛ ಇರುವುದಿಲ್ಲ. ಪೂಜೆಯ ಹೂವು ಬರುತ್ತದೆ, ಸತ್ತವರ ಬಟ್ಟೆ ಬರುತ್ತದೆ, ನೀರಿನ ಬಾಟಲಿ ಬರುತ್ತದೆ, ತೇಲುತ್ತ ಅಂತರಗಂಗೆಯ ಕಳೆ ಬರುತ್ತದೆ. ಅದನ್ನೆಲ್ಲ ಮೊಣಕಾಲು ನೀರಿನಲ್ಲಿ ನಿಂತು ಎಳೆದು ಬುಟ್ಟಿಗೆ ತುಂಬುವವರು ಬೇಕು. ಶಾಂತವ್ವ, ದುರ್ಗವ್ವ ಮತ್ತು ಆ ನಾಲ್ವರನ್ನು ಅಲ್ಲಿಗೆ ಹಾಕಿದರು. ಗಮ್ ಬೂಟು ಕೊಟ್ಟಿದ್ದರು. ಅದರೊಳಗೆ ನೀರು ತುಂಬಿಕೊಂಡು ಕಾಲು ಎತ್ತಲಾಗದೆ ಎಲ್ಲರೂ ಅದನ್ನು ದಂಡೆಯ ಮೇಲೇ ಬಿಡುತ್ತಿದ್ದರು.

ಆ ದಿನ ಮೇಲಿನ ಊರುಗಳಲ್ಲಿ ಮಳೆಯಾಗಿ ಹೊಳೆ ಕೆಂಪಗೆ ಬಂದಿತ್ತು. ದುರ್ಗವ್ವ ಬುಟ್ಟಿ ಹೊತ್ತು ಮೇಲೇರುವಾಗ ಪಾಲಿಷ್ ಮಾಡಿದ ಕಲ್ಲಿನ ಮೇಲೆ ಕಾಲಿಟ್ಟರು. ಬುಟ್ಟಿ ಮೇಲೆ ಉಳಿಯಿತು, ಅವರು ಕೆಳಗೆ ಹೋದರು. ಹಿಡಿಯಲು ಕಂಬಿ ಇರಲಿಲ್ಲ. ಎಸೆಯಲು ಹಗ್ಗ ಇರಲಿಲ್ಲ. ದಂಡೆಯ ಮೇಲಿದ್ದವರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಶಾಂತವ್ವ ಉಟ್ಟ ಸೀರೆಯನ್ನೇ ಬಿಚ್ಚಿ ಎಸೆದರು. ದುರ್ಗವ್ವನ ಕೈಗೆ ಅದರ ತುದಿ ಒಮ್ಮೆ ಸಿಕ್ಕಿತು.

"ಆಕಿ ಜಗ್ಗಿದ್ದು ಇನ್ನೂ ಈ ಕೈಯಾಗ ಐತ್ರಿ" ಎಂದರು ಶಾಂತವ್ವ, ನಮ್ಮ ಬಾಗಿಲಲ್ಲಿ ನಿಂತು, ಬಲಗೈ ಅಂಗೈ ನೋಡಿಕೊಳ್ಳುತ್ತ. "ಆಮ್ಯಾಲೆ ಸೀರಿ ಹಗರ ಆತು."

ದುರ್ಗವ್ವನ ದೇಹ ಹೊಳೆಗೆ ಅಡ್ಡ ಕಟ್ಟಿದ ಕೆಳಗಿನ ಬಾಂದಾರದ ಹತ್ತಿರ ಮರುದಿನ ಸಿಕ್ಕಿತು.

ಪೇಪರಿನಲ್ಲಿ ಒಂದು ಸಣ್ಣ ಸುದ್ದಿ ಬಂತು. 'ಕಾಲು ಜಾರಿ ಬಿದ್ದು ಪೌರಕಾರ್ಮಿಕ ಮಹಿಳೆ ಸಾವು.' ನಮ್ಮ ಭಾಷೆಯನ್ನು ಗಮನಿಸಿ. ಕಾಲು ಜಾರಿತು ಎನ್ನುತ್ತೇವೆ. ಕಲ್ಲು ಜಾರಿಸಿತು ಎಂದು ಯಾರೂ ಬರೆಯುವುದಿಲ್ಲ. ತಪ್ಪು ಯಾವಾಗಲೂ ಕಾಲಿನದೇ.

ಪುರಸಭೆಯ ಅಧ್ಯಕ್ಷರು ಕೆಟ್ಟ ಮನುಷ್ಯರಲ್ಲ. ದುರ್ಗವ್ವನ ಮನೆಗೆ ಹೋಗಿ ನೆಲದ ಮೇಲೆ ಕೂತು ಬಂದರು. ಸಭೆಯಲ್ಲಿ ಮೌನಾಚರಣೆ ಆಯಿತು. ಮಾರನೆಯ ವಾರ ಅದೇ ಮೆಟ್ಟಿಲಿಗೆ ಉಳಿದವರನ್ನು ಕಳಿಸಿದರು. ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು.

ನನ್ನ ತವರು ಹಂಸಭಾವಿಯ ಹತ್ತಿರದ ಹಳ್ಳಿ. ಹೊಲದಲ್ಲಿ ಮೆಟ್ಟಿಲಿಳಿಯುವ ಹಳೆಯ ಬಾವಿ ಇದೆ, ಅದನ್ನು ಈಗ ಅಣ್ಣ ನೋಡಿಕೊಳ್ಳುತ್ತಾನೆ. ಅಲ್ಲಿಗೆ ಹೋಗೋಣ ಎಂದೆ. ಶಾಂತವ್ವ ಕೇಳಿದ್ದು ಒಂದೇ ಮಾತು.

"ಬಾವಿ ಯಾರದ್ರಿ?"

ಅದರ ಅರ್ಥ ನನಗೂ ಗೊತ್ತು, ನಿಮಗೂ ಗೊತ್ತು. ಶಾಂತವ್ವನ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ. ನಮ್ಮ ತವರಿನ ಜಗುಲಿಯ ಮೇಲೆ ಬಸವಣ್ಣನ ಫೋಟೋ ಇದೆ. ಎರಡು ಫೋಟೋಗಳ ನಡುವೆ ಏನೂ ಜಗಳವಿಲ್ಲ. ಬಾವಿಗಳ ಮಾತು ಬೇರೆ.

ಅಣ್ಣನಿಗೆ ಫೋನ್ ಮಾಡಿದೆ. ಯಾರು, ಯಾಕೆ ಎಲ್ಲ ಹೇಳಿದೆ. ಅವನು, "ಕುಡಿಯೂ ನೀರಿನ ಬಾವಿ ಅಲ್ಲಲ್ಲ, ಬರ್ಲಿ" ಎಂದ. ಒಪ್ಪಿದ ಎಂದು ಖುಷಿಪಟ್ಟೆ. ಫೋನ್ ಇಟ್ಟ ಮೇಲೆ ಆ 'ಅಲ್ಲಲ್ಲ' ಎಂಬ ಮಾತು ಕಲ್ಲಿನ ಚೂರಿನಂತೆ ಉಳಿಯಿತು. ಇನ್ನೂ ಇದೆ.

ಮುಂದಿನ ಭಾನುವಾರ ಟಂಟಂ ಆಟೊ ಮಾಡಿಕೊಂಡು ಹೋದೆವು. ಸೀರೆಯನ್ನು ಕಚ್ಚೆ ಹಾಕಿ, ಮೇಲೆ ಗಂಡಂದಿರ ತುಂಬುತೋಳಿನ ಅಂಗಿ ತೊಟ್ಟು, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿಕೊಂಡು ಐವರೂ ಮೆಟ್ಟಿಲ ಮೇಲೆ ಸಾಲಾಗಿ ಕುಳಿತರು. ನಾನು ಮೊದಲು ಇಳಿದೆ. ನನ್ನ ಹಿಂದೆ ಶಾಂತವ್ವ. ಉಸಿರು ಹಿಡಿದು ಮುಖ ಮುಳುಗಿಸಿ ಎಂದೆ. ಮುಳುಗಿಸಿದರು. ಮೇಲೆ ಬಂದವರೇ ಮೆಟ್ಟಿಲು ಹಿಡಿದುಕೊಂಡು ಅಳತೊಡಗಿದರು. ಹೆದರಿಕೆಯ ಅಳುವಲ್ಲ ಅದು.

"ಒಳಗ ಏನೂ ಕೇಳಂಗಿಲ್ರಿ" ಎಂದರು. "ನಾವು ಅಷ್ಟ ಒದರಿದ್ವಿ. ಆಕಿಗೆ ಕೇಳಿರಂಗಿಲ್ಲ."

ಆ ದಿನ ಪಾಠ ಅಲ್ಲಿಗೇ ಮುಗಿಯಿತು. ಎಲ್ಲರೂ ಬಾವಿಯ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿ ರೊಟ್ಟಿ ತಿಂದು ಬಂದೆವು. ಅವರು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಪ್ರತಿ ಭಾನುವಾರ ಬಂದರು. ವಾರವೆಲ್ಲ ಚರಂಡಿ ಎತ್ತಿದ ಮೈ, ರಜೆಯ ದಿನ ಮಲಗಬೇಕಾದ ಮೈ. ಅದನ್ನು ತಂದು ನೀರಿಗೆ ಹಾಕಿ ಕೈಕಾಲು ಬಡಿದರು. ಒಬ್ಬರು ಕ್ಯಾನ್ ಬಿಚ್ಚಿ ಬಾವಿಯ ಈ ಬದಿಯಿಂದ ಆ ಬದಿ ಮುಟ್ಟಿದ ದಿನ ಉಳಿದವರು ನಕ್ಕದ್ದು ಬಾವಿಯೊಳಗೆ ಸುತ್ತಿ ಸುತ್ತಿ ಬಂತು. ಅವರು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ. ನಮ್ಮ ಓಣಿಯಲ್ಲಿ ಇಷ್ಟು ವರ್ಷ ಅವರ ಕಸಬರಿಗೆಯ ಸದ್ದು ಮಾತ್ರ ಕೇಳಿದ್ದೆ.

ಆವತ್ತು ಅಣ್ಣನ ಹೆಂಡತಿ, ನಮ್ಮ ವೈನಿ, ಮನೆಯಿಂದ ಚಹಾ ತಂದರು. ಮನೆಯ ಕಪ್ಪುಗಳಲ್ಲೇ. ಅಣ್ಣ ನೋಡಿದ. ತಾನೂ ಒಂದು ಕಪ್ಪು ತೆಗೆದುಕೊಂಡ.

ಇಲ್ಲಿಗೆ ಮುಗಿದಿದ್ದರೆ ಒಂದು ಒಳ್ಳೆಯ ಕತೆಯಾಗುತ್ತಿತ್ತು. ಮುಗಿಯಲಿಲ್ಲ.

ಅಣ್ಣನ ಮಗಳು ಬಾವಿಯ ಫೋಟೋವೊಂದನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದಳು. ಅದು ಓಣಿ ಓಣಿ ಸುತ್ತಿ ಪೇಪರಿಗೂ ಹೋಯಿತು. 'ಈಜು ಕಲಿತ ಪೌರಕಾರ್ಮಿಕ ಮಹಿಳೆಯರು' ಎಂದು ಬಣ್ಣದ ಚಿತ್ರ ಬಂತು. (ದುರ್ಗವ್ವನ ಸಾವು ಕಪ್ಪುಬಿಳುಪಿನಲ್ಲಿ ಬಂದಿತ್ತು.) ಎಲ್ಲರೂ ನನಗೆ ಫೋನ್ ಮಾಡಿ ಹೊಗಳಿದರು. ನಾನೂ ಹಿಗ್ಗಿದೆ ಅನ್ನಿ.

ಎರಡು ದಿನ ಬಿಟ್ಟು ಹೊಳೆ ಮತ್ತೆ ಏರಿತು. ಅಂತರಗಂಗೆ ಮೆಟ್ಟಿಲಿನ ತುಂಬ ಬಂದು ಕುಳಿತಿತ್ತು. ಉದ್ಘಾಟನೆ ಮುಂದಿನ ವಾರವೇ. ಇಳಿದು ತೆಗೆಯಿರಿ ಎಂದು ಸೂಪರ್‌ವೈಸರ್ ಹೇಳಿದ. ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ ಕೊಡಿ ಎಂದು ಶಾಂತವ್ವ ಕೇಳಿದರು.

"ಈಜು ಬರತೈತಲ್ಲ, ಹಗ್ಗ ಯಾಕ?" ಎಂದನಂತೆ ಅವನು. "ಪೇಪರ್‌ನಾಗ ಬಂದೈತಲ್ಲ."

ಶಾಂತವ್ವ ಮೇಲಿನ ಮೆಟ್ಟಿಲ ಮೇಲೆ ಕುಳಿತರು. ಉಳಿದವರೂ ಕುಳಿತರು. ಬೇರೆ ಊರಿನಿಂದ ಆಳು ತರಿಸುತ್ತೇನೆ, ನಿಮ್ಮನ್ನು ತೆಗೆಸುತ್ತೇನೆ ಎಂದು ಅವನು ಕೂಗಾಡಿದ. ಅವರು ಏಳಲಿಲ್ಲ. ಮಳೆ ಬಂತು. ಕೊಡೆ ಬಿಚ್ಚಿಕೊಂಡು ಅಲ್ಲೇ ಕುಳಿತರು. ಸುದ್ದಿ ನನಗೆ ತಲುಪಿದಾಗ ಶಾಲೆಯ ಮೈದಾನದಲ್ಲಿದ್ದೆ. ಸೀಟಿ ಕೈಯಲ್ಲೇ ಉಳಿಯಿತು. ಅವರನ್ನು ಉಳಿಸಬೇಕೆಂದು ಕಲಿಸಿದ್ದು ಅವರನ್ನೇ ನೀರಿಗೆ ತಳ್ಳುವ ಕೋಲಾಯಿತಲ್ಲ ಎಂಬ ಸಂಕಟಕ್ಕೆ ಏನು ಹೇಳಲಿ?

ಮರುದಿನ ಪುರಸಭೆಯಲ್ಲಿ ತುರ್ತು ಸಭೆ. ನನ್ನನ್ನೂ ಕರೆದರು. ಐವರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಕುರ್ಚಿಗಳು ಖಾಲಿ ಇದ್ದವು. ಇವರು ಸುಳ್ಳು ನೆಪ ಹೇಳಿ ಕೆಲಸ ನಿಲ್ಲಿಸಿದ್ದಾರೆ ಎಂದು ಸೂಪರ್‌ವೈಸರ್ ದೂರಿದ. ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಅಕ್ಕೋರ, ನೀವ ಹೇಳ್ರಿ. ಇವ್ರಿಗೆ ಈಜು ಬರತೈತೋ ಇಲ್ಲೋ?"

ಇಲ್ಲ ಎಂದರೆ ಅವರಿಗೆ ಹಗ್ಗ ಸಿಗುತ್ತದೆ. ಆದರೆ ಅಷ್ಟು ಭಾನುವಾರಗಳ ಶ್ರಮವನ್ನು ಅವರ ಎದುರಿನಲ್ಲೇ ಸುಳ್ಳು ಮಾಡಿದಂತೆ. ಹೌದು ಎಂದರೆ ನೀರಿಗೆ ತಳ್ಳಿದಂತೆ. ಶಾಂತವ್ವ ನನ್ನ ಮುಖವನ್ನೇ ನೋಡುತ್ತಿದ್ದರು.

"ಬರತೈತ್ರಿ" ಎಂದೆ. "ಚಲೋ ಬರತೈತಿ. ಬಾವ್ಯಾಗ. ಹೊಳ್ಯಾಗ ನನಗೂ ಬರೂದಿಲ್ಲ. ಕಲಿಸಿದಾಕಿ ನಾನ ಹಗ್ಗ ಇಲ್ದ ಇಳಿಯೂದಿಲ್ರಿ."

ಆಗ ಹಿಂದಿನಿಂದ ಶಾಂತವ್ವ ದನಿ ಏರಿಸದೆ ಹೇಳಿದರು.

"ನಾವು ಈಜು ಕಲ್ತಿದ್ದು ಇಳಿಯಾಕ ಅಲ್ರಿ. ಬಿದ್ದಾಕಿನ್ನ ಎತ್ತಾಕ."

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಂತ್ರಿಗಳ ಕಡೆಯವರ ಹತ್ತಿರ ತಾನು ಮಾತಾಡುತ್ತೇನೆ, ನೀರು ಇಳಿಯುವವರೆಗೆ ಯಾರೂ ಇಳಿಯುವುದು ಬೇಡ ಎಂದರು. ಒಬ್ಬ ಸದಸ್ಯರು ಗೊಣಗಿದರು. ಅಧ್ಯಕ್ಷರು ಅತ್ತ ನೋಡಲಿಲ್ಲ.

ಉದ್ಘಾಟನೆ ತಡವಾಗಿ ನಡೆಯಿತು. ಅಷ್ಟರಲ್ಲಿ ಹಗ್ಗ ಬಂತು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಂತು, ಮೆಟ್ಟಿಲಿನ ಒಂದು ಬದಿಗೆ ಕಂಬಿ ಬಂತು. ಗ್ರಾನೈಟ್ ಮಾತ್ರ ಹಾಗೇ ಇದೆ. ಕೀಳಿಸಿದರೆ ಆಡಿಟ್‌ನವರು ಕೇಳುತ್ತಾರಂತೆ. (ಹೆಣ್ಣುಮಗಳೊಬ್ಬಳು ಹೋದದ್ದನ್ನು ಯಾವ ಆಡಿಟ್ ಕೇಳುತ್ತದೆ?) ಅದರ ಮೇಲೆ ಒರಟು ಪಟ್ಟಿ ಅಂಟಿಸಿದ್ದಾರೆ. ಒಂದೆರಡು ಕಡೆ ಈಗಾಗಲೇ ಎದ್ದಿದೆ.

ಭಾಷಣಗಳಲ್ಲಿ ಎಲ್ಲರ ಹೆಸರೂ ಬಂತು. ದುರ್ಗವ್ವನ ಹೆಸರು ಬರಲಿಲ್ಲ. ಅವರ ಗಂಡ ಜನರ ನಡುವೆ ನಿಂತು ಕೊನೆಯವರೆಗೂ ಕೇಳಿಸಿಕೊಂಡು ಹೋದರು.

ಶಾಂತವ್ವನನ್ನು ಹೊಳೆಯ ಕೆಲಸದಿಂದ ತೆಗೆದು ಸಂತೆ ಮೈದಾನದ ಚರಂಡಿಗೆ ಹಾಕಿದ್ದಾರೆ. ಶಿಕ್ಷೆ ಎಂದು ಯಾರೂ ಹೇಳಿಲ್ಲ, ಆಡಳಿತದ ಅನುಕೂಲವಂತೆ. ನಾನು ಅಧ್ಯಕ್ಷರ ಹತ್ತಿರ ಹೋಗುತ್ತೇನೆ ಎಂದೆ. ಶಾಂತವ್ವ ಬೇಡ ಎಂದರು. ಜಾಕೆಟ್ ಹಾಕಿಕೊಂಡು ಇಳಿಯುವವರನ್ನು ನೋಡಿದರೆ ಸಾಕು, ತನಗೆ ರಾತ್ರಿ ನಿದ್ದೆ ಬರುತ್ತದೆ ಎಂದರು. ಭಾನುವಾರ ಮಾತ್ರ ತಪ್ಪದೆ ಬಾವಿಗೆ ಬರುತ್ತಾರೆ. ಈಗ ಕಲಿಯಲು ಬರುವ ಹೊಸಬರಿಗೆ ಉಸಿರು ಹಿಡಿಯುವುದನ್ನು ಅವರೇ ಕಲಿಸುತ್ತಾರೆ.

ಮೊನ್ನೆ ಇನ್ನೊಂದು ಊರಿನಿಂದ ಒಬ್ಬ ಅಧಿಕಾರಿಯ ಫೋನ್ ಬಂತು. ಅವರ ಊರಿನಲ್ಲೂ ಕೆರೆಯ ದಂಡೆ ಚಂದ ಮಾಡುತ್ತಿದ್ದಾರಂತೆ. ನಮ್ಮ ಸುದ್ದಿ ಓದಿದ್ದಾರೆ. ಬಹಳ ವಿನಯದಿಂದ ಮಾತಾಡಿದರು. ಅಲ್ಲಿನ ಪೌರಕಾರ್ಮಿಕ ಹೆಣ್ಣುಮಕ್ಕಳಿಗೂ ಈಜು ಕಲಿಸಿಬಿಟ್ಟರೆ ಮುಂದೆ ತೊಂದರೆ ಇರುವುದಿಲ್ಲ, ಯಾವಾಗ ಕಳಿಸಲಿ ಎಂದು ಕೇಳಿದರು.

"ಅವ್ರನ್ನ ಆಮ್ಯಾಲೆ ಕಳಸ್ರಿ" ಎಂದೆ. "ಮೊದಲ ನಕ್ಷೆ ಮಾಡಿದವ್ರನ್ನ ಕಳಸ್ರಿ, ನೀರಿಗೆ ಇಳಿದು ನೋಡ್ಲಿ."

ಇದನ್ನು ಬರೆಯುವ ಹೊತ್ತಿನವರೆಗೆ ಯಾರೂ ಬಂದಿಲ್ಲ.