ಸಪ್ಪೆ ನೀರು

ಕುಡಿಯುವ ನೀರು ಉಪ್ಪಾಗಿದೆಯೇನೋ ಎಂಬ ಅನುಮಾನ ಒಮ್ಮೆ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ಮತ್ತೆ ಇಳಿಯುವುದಿಲ್ಲ. ಮಗಳು ಬಾಟಲಿ ಖಾಲಿ ಮಾಡಿದ ಮೇಲೂ ತುಟಿ ಚಪ್ಪರಿಸುತ್ತ ಅಳುತ್ತಿದ್ದಳು. ಅವಳ ಹಾಲಿನ ಪುಡಿ ಕಲಸುವುದು ನಲ್ಲಿಯ ನೀರಿನಲ್ಲೇ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಸಾಯುತ್ತದೆಯೇ? ನೀರು ಆವಿಯಾಗಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ನಾನೇ ಒಂದು ಲೋಟ ಕುಡಿದು ನೋಡಿದೆ. ಉಪ್ಪಿತ್ತು. ಇನ್ನೊಂದು ಲೋಟ ಕುಡಿದಾಗ ಇದ್ದಿತೋ ಇಲ್ಲವೋ ತಿಳಿಯಲಿಲ್ಲ.

ಆ ನೀರಿಗೆ ಒಪ್ಪಿಗೆ ಕೊಡುವವರು ಬೇರೆ ಯಾರೂ ಅಲ್ಲ, ನನ್ನ ಅತ್ತೆ.

ಈ ದ್ವೀಪದಲ್ಲಿ ಅವರನ್ನು ನಾಲಿಗೆಯಮ್ಮ ಎಂದೇ ಕರೆಯುತ್ತಾರೆ. ಮಾತು ಜಾಸ್ತಿಯೆಂದಲ್ಲ, ಅವರ ಬಾಯಿಂದ ಮಾತು ಹೊರಡಿಸುವುದೇ ಕಷ್ಟ. ಅವರು ಸೊಸೆಯಾಗಿ ಬಂದ ಹೊಸತರಲ್ಲಿ ಇಲ್ಲಿಗೆ ನೀರು ಬರುತ್ತಿದ್ದುದು ದೋಣಿಯಲ್ಲಿ, ಪೀಪಾಯಿಗಳಲ್ಲಿ. ಎಷ್ಟೋ ಪೀಪಾಯಿಗಳಿಗೆ ದಾರಿಯಲ್ಲೇ ಅಲೆಯ ನೀರು ನುಗ್ಗಿರುತ್ತಿತ್ತು. ಕಟ್ಟೆಯ ಮೇಲೆ ನಿಂತು ಒಂದೊಂದರಿಂದಲೂ ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ‘ಇದು ಕುಡಿಯೋಕೆ, ಇದು ತೊಳೆಯೋಕೆ’ ಎಂದು ಅತ್ತೆ ಬೇರೆ ಮಾಡುತ್ತಿದ್ದರಂತೆ. ಅವರು ಹೇಳಿದ ಮೇಲೆ ಜಗಳವಿಲ್ಲ. ಆಮೇಲೆ ಕಡಲ ನೀರಿನಿಂದ ಉಪ್ಪು ತೆಗೆಯುವ ಯಂತ್ರ ಬಂದಾಗ ಅಲ್ಲಿಯ ಕೆಲಸಕ್ಕೂ ಅವರನ್ನೇ ಕರೆದರು. ಉಪ್ಪು ಅಳೆಯುವ ಮೀಟರ್ ಗೋಡೆಯ ಮೇಲಿದ್ದರೂ ಜನ ಕೇಳುತ್ತಿದ್ದುದು, ‘ನಾಲಿಗೆಯಮ್ಮ ಏನಂದ್ರು?’ ಎಂದೇ.

ಬೆಳಿಗ್ಗೆ ಯಂತ್ರದ ನೀರು ಒಂದು ಗುಟುಕು ಕುಡಿದು, ಪವರ್‌ಹೌಸಿಗೆ ಫೋನ್ ಮಾಡಿ ಅವರು ಹೇಳುವುದು ಒಂದೇ ಮಾತು: ‘ಸಪ್ಪೆ.’ ಅದನ್ನು ಕೇಳಿದ ಮೇಲಷ್ಟೇ ಊರಿಗೆ ನೀರು ಬಿಡುವ ಪಂಪಿಗೆ ಕರೆಂಟ್. ಬೇರೆ ಕಡೆ ಸಪ್ಪೆ ಎಂದರೆ ಮೂಗು ಮುರಿಯುತ್ತಾರೆ. ಇಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಿ ಅತ್ತೆ, ‘ಹುಡುಗಿ ಸಪ್ಪೆ ನೀರಿನ ಹಾಗಿದಾಳೆ’ ಎಂದಿದ್ದಕ್ಕೆ ನನ್ನ ಅಮ್ಮನಿಗೆ ಊಟವೇ ಸೇರಿರಲಿಲ್ಲ.

ನಾನು ಬೆಳೆದ ನಗರದಲ್ಲಿ ನಲ್ಲಿ ತಿರುಗಿಸಿದರೆ ನೀರು, ಸ್ವಿಚ್ ಒತ್ತಿದರೆ ದೀಪ. ಇಲ್ಲಿ ಎಲ್ಲವೂ ಒಂದು ದೋಣಿಗೆ ಜೋತುಬಿದ್ದಿದೆ. ಪವರ್‌ಹೌಸಿನ ಡೀಸೆಲ್, ಅಡುಗೆಯ ಸಿಲಿಂಡರ್ ಎರಡನ್ನೂ ತರುವುದು ಅದೇ. ನಮ್ಮವರು ಅದರಲ್ಲೇ ಕೆಲಸಕ್ಕಿದ್ದಾರೆ. ದೋಣಿ ತಡವಾದರೆ ಗ್ಯಾಸ್ ಮುಗಿಯುತ್ತದೆ, ಗ್ಯಾಸ್ ಮುಗಿದರೆ ಎಲ್ಲರೂ ಕರೆಂಟ್ ಒಲೆ ಹಚ್ಚುತ್ತಾರೆ, ಒಲೆಗಳ ಭಾರಕ್ಕೆ ಪವರ್‌ಹೌಸ್ ಸುಸ್ತಾದರೆ ಮೊದಲು ನಿಲ್ಲಿಸುವುದು ನೀರಿನ ಯಂತ್ರವನ್ನು. ಒಂದು ಬಾಟಲಿ ಹಾಲಿಗೆ ಇಷ್ಟೆಲ್ಲ ನಡೆಯಬೇಕು. ಈಗಂತೂ ಉಪ್ಪಿನ ಮೀಟರ್ ಕೆಟ್ಟು ಕೂತಿದೆ. ಹೊಸದು ಬರುವ ತನಕ ಅತ್ತೆಯ ನಾಲಿಗೆಯೇ ಗತಿ. ಅವರು ಸಪ್ಪೆ ಎಂದರೆ, ತಮ್ಮ ಬಾಯಿಗೆ ಉಪ್ಪೆನಿಸಿದರೂ ಊರಲ್ಲಿ ಯಾರೂ ಎದುರಾಡುವುದಿಲ್ಲ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಧೈರ್ಯ ಮಾಡಿದೆ. ‘ನೀರು ಸ್ವಲ್ಪ ಉಪ್ಪು ಅನ್ಸಲ್ವಾ?’

‘ಶುರುವಾಯ್ತು,’ ಎಂದರು ನಮ್ಮವರು. ‘ಹೋದ ಸಲ ಗ್ಯಾಸ್ ಸೋರ್ತಿದೆ ಅಂತ ಇಡೀ ಬೀದೀನೇ ಹೊರಗೆ ನಿಲ್ಲಿಸಿದ್ಲು. ಕೊನೆಗೆ ಸಿಕ್ಕಿದ್ದೇನು? ಕೊಳೆತ ಈರುಳ್ಳಿ.’

‘ನೀರು ಸಪ್ಪೆ ಇದೆ,’ ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಅಡುಗೆ ಅತ್ತೆಯದೇ. ನಮ್ಮವರು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. ‘ಅಮ್ಮಾ, ಇದ್ರಲ್ಲಿ ನಮ್ಮ ದೋಣಿ ತೇಲುತ್ತೆ.’

ಅತ್ತೆ ಒಂದು ತುತ್ತು ತಿಂದು, ಉಪ್ಪಿನ ಡಬ್ಬಿ ಎಳೆದುಕೊಂಡು ತಮ್ಮ ತಟ್ಟೆಗೆ ಉದುರಿಸಿಕೊಂಡರು. ‘ಸಪ್ಪೆ ಇದ್ಯಲ್ಲೋ. ನಿನಗೆ ಹೆಂಡ್ತಿ ಗಾಳಿ ಬೀಸಿದೆ.’

ಇವರು ನಕ್ಕರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೋದ ತಿಂಗಳು ಅತ್ತೆಗೆ ಬಂದಿದ್ದ ಕೆಟ್ಟ ನೆಗಡಿ, ಆಮೇಲೆ ದಿನದಿಂದ ದಿನಕ್ಕೆ ಉಪ್ಪೇರುತ್ತ ಬಂದ ಅಡುಗೆ, ಎಲ್ಲ ಒಟ್ಟಿಗೆ ಹೊಳೆಯಿತು. ಅವರ ಬಾಯಿಗೆ ಈಗ ಕಡಲೂ ಸಪ್ಪೆಯೇ.

ಹೇಳುವುದು ಹೇಗೆ? ಅತ್ತೆಯ ಅಡುಗೆಗೆ ಸೊಸೆ ಉಪ್ಪಿನ ದೂರು ಹೇಳುವುದೇ ಒಂದು ರಾದ್ಧಾಂತ. ಇದಂತೂ ಅವರ ಹೆಸರಿಗೇ ಕೈ ಹಾಕಿದಂತೆ. ಇವರು ಸಂಜೆಯೇ ದೋಣಿ ಹತ್ತಿದರು. ನಡುಗಡಲಿಗೆ ಫೋನ್ ಹೋಗುವುದಿಲ್ಲ.

ಇವತ್ತು ಬೆಳಿಗ್ಗೆ ಅತ್ತೆ ಕೆಲಸಕ್ಕೆ ಹೋದ ಮೇಲೆ ಮಗಳು ಹಾಲನ್ನು ಪೂರ್ತಿ ಕಕ್ಕಿದಳು. ತುಟಿ ಒಣಗಿತ್ತು. ಅವಳನ್ನು ಹೆಗಲಿಗೆ ಹಾಕಿಕೊಂಡು ಫೋನ್ ಹಿಡಿದೆ. ಪವರ್‌ಹೌಸಿಗೇ ನೇರ ಹೇಳಿದರೆ ಪಂಪು ನಿಲ್ಲುತ್ತದೆ, ಜೊತೆಗೆ ಊರ ತುಂಬ ಅತ್ತೆಯ ಮಾನವೂ ಹೋಗುತ್ತದೆ. ನಾನು ಒತ್ತಿದ್ದು ಅತ್ತೆಯ ನಂಬರ್.

‘ಅತ್ತೆ, ಪವರ್‌ಹೌಸಿಗೆ ಮಾತಾಡಿದ್ರಾ?’

‘ಈಗ ಮಾಡೋದ್ರಲ್ಲಿದ್ದೆ. ಯಾಕೆ, ಮಗು ಅಳ್ತಿದ್ಯಲ್ಲ?’

‘ವಾಂತಿ ಮಾಡ್ಕೊಂಡ್ಲು. ಅತ್ತೆ, ಬೇಜಾರು ಮಾಡ್ಕೋಬೇಡಿ. ನೆಗಡಿ ಬಂದು ಹೋದಾಗಿಂದ ನಿಮಗೆ ಉಪ್ಪು ಗೊತ್ತಾಗ್ತಿಲ್ಲ. ನಿನ್ನೆ ಅಡುಗೆ ಬಾಯಿಗಿಡೋ ಹಾಗಿರ್ಲಿಲ್ಲ, ನೀವು ಮತ್ತೆ ಹಾಕ್ಕೊಂಡ್ರಿ. ನೀರೂ ಹಾಗೇ ಆಗಿದೆ.’

ಆ ಕಡೆ ಯಂತ್ರ ಮೊರೆಯುತ್ತಿತ್ತು.

‘ಕಾಫೀನೂ ಬಿಸಿನೀರಿನ ಥರಾನೇ ಇತ್ತು,’ ಎಂದರು ಅತ್ತೆ. ‘ವಯಸ್ಸಾಯ್ತೇನೋ ಅಂದ್ಕೊಂಡೆ. ಯಾರ್ಯಾರಿಗೆ ಹೇಳಿದೀಯ?’

‘ನಿಮಗೇ ಮೊದಲು.’

ಅತ್ತೆ ಯಂತ್ರದ ಸ್ವಿಚ್ ಆರಿಸಿದ ಸದ್ದು ಕೇಳಿತು, ಮೊರೆತ ಇಳಿಯುತ್ತ ಬಂದು ನಿಂತುಹೋಯಿತು.

‘ಆಸ್ಪತ್ರೇಲಿ ಬಾಟಲಿ ನೀರಿರುತ್ತೆ. ಮಗೂನ ಎತ್ಕೊಂಡು ಹೋಗು, ಡಾಕ್ಟ್ರಿಗೆ ಎಲ್ಲ ಬಿಡಿಸಿ ಹೇಳು. ಪವರ್‌ಹೌಸಿಗೆ ನಾನೇ ಹೇಳ್ತೀನಿ.’

‘ಏನಂತ ಹೇಳ್ತೀರಿ ಅತ್ತೆ?’

‘ನಂಗೆ ಗೊತ್ತಾಗ್ತಿಲ್ಲ ಅಂತ,’ ಎಂದರು. ‘ನೀನು ಮೊದ್ಲು ಹೊರಡು.’